ಪಾಠವಾದ ನೆನಪು

ಶಾಲಾ ಸಮಾಜ ಕಾರ್ಯಕರ್ತೆಯರ ತರಬೇತಿಯಲ್ಲಿ ಎಂದಿನಂತೆ ಎಲ್ಲರೂ ನೆನಪಿನ ಟೋಪಿ ಹಾಕಿಕೊಂಡು, ಯಾವುದೋ ಒಂದು ಮಗುವಿನ ನೋವನ್ನು ಅದರ ಕಣ್ಣಿನಿಂದಲೇ ನೋಡುತ್ತಿದ್ದರು. ಅವರಲ್ಲೊಬ್ಬಳಾದ ಮಹಾನಂದಾಳಿಗೆ ಕಂಡದ್ದು ತೀರಿಹೋದ ತನ್ನ ಅವ್ವ; ಅವಳು ಕಾದ ಸೌಟು ಹಿಡಿದು ಬರುತ್ತಿದ್ದಳು. ಈ ನೆನಪನ್ನು ಮಹಾನಂದಾ ಚಿಕ್ಕವಳಿದ್ದಾಗ ಇಂಥದೇ ಟೋಪಿಯಲ್ಲಿ ತುಂಬಿ ಒಬ್ಬರಿಗೆ ಮಾತ್ರ ಕೊಟ್ಟಿದ್ದಳು. ಅಂದು ಅವಳ ಶಾಲೆಯ ಕಾರ್ಯಕರ್ತೆಯಾಗಿದ್ದ ಕಸ್ತೂರಕ್ಕನೇ ಇಂದು ತರಬೇತಿ ಕೊಡುತ್ತಿದ್ದರು.

ಅವಳು ಟೋಪಿ ಕಿತ್ತು ಅವರ ಬಳಿ ಹೋದಳು. "ಯಾರಿಗೂ ತೋರ್ಸಂಗಿಲ್ಲ ಅಂದಿದ್ರಿ, ಅಕ್ಕಾರ."

"ನಿನ್ನ ಹೆಸರು ತಗದೀನಲ್ಲವ್ವಾ. ಇದರಿಂದ ಎಷ್ಟು ಮಂದಿ ಕಲಿತಾರ."

"ನನ್ನ ಹೆಸರು ತಗದ್ರಿ. ಅವ್ವನ ಮುಖ ಹಂಗೇ ಬಿಟ್ರಿ."

ಹಿಂದೆ ಒಂದೊಂದಾಗಿ ಟೋಪಿಗಳು ಇಳಿದವು. "ಎಂಥಾ ತಾಯಿರೀ ಇಕಿ," ಎನ್ನುತ್ತ ಯಾರೋ ಕಣ್ಣೊರೆಸಿಕೊಂಡರು. ಅಂದು ಬರೆ ಎಳೆದ ಮೇಲೆ ಅವ್ವ ಸುಟ್ಟಗಾಯಕ್ಕೆ ಬೆಣ್ಣೆ ಹಚ್ಚುತ್ತ ಬಿಕ್ಕಿಬಿಕ್ಕಿ ಅತ್ತದ್ದನ್ನು ಕಸ್ತೂರಕ್ಕ ಆ ನೆನಪಿನಿಂದ ಕತ್ತರಿಸಿ ತೆಗೆದಿದ್ದರು.