ಹಾರ್ಲನ್ ಕೊಟ್ಟ ಗ್ಯಾರಂಟಿ

"ಇದನ್ನ ರೈಫಲ್ ಅಂತಾರಾ? ತಗಡಿನ ಡಬ್ಬ!" ಅಮೆರಿಕದಲ್ಲೇ ತಯಾರಾದ ಬಂದೂಕನ್ನು ಹಾರ್ಲನ್ ಅವಳ ಕಿವಿಯ ಬಳಿ ಹಿಡಿದು ಗಲಗಲ ಅಲ್ಲಾಡಿಸಿದ. "ಕೇಳು ಲೊರೀನ್, ಸಂಗೀತ!"

ಒಲೆಯ ಪಕ್ಕ ಕಾಫಿ ಹೀರುತ್ತಿದ್ದ ಮುದುಕ ಆರ್ವಿಲ್ ಕಿಸಕ್ಕೆಂದ. ಕೆಂಟಕಿಯ ಆ ಕಣಿವೆಯಲ್ಲಿ ಬಂದೂಕು ಬೇಕಾದವರೆಲ್ಲ ಹಾರ್ಲನ್‌ನ ಅಂಗಡಿಗೇ ಬರಬೇಕು. ಬಂದವರು ಬಂದೂಕಿನ ಜೊತೆ ಅವನ ತಾತ್ಸಾರವನ್ನೂ ಕಟ್ಟಿಸಿಕೊಂಡು ಹೋಗಬೇಕು.

ಲೊರೀನ್ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಅವಳ ಗಂಡ ಡಾಯ್ಲ್, ಹಾರ್ಲನ್‌ನ ಜೀವದ ಗೆಳೆಯ, ಹಿಂದಿನ ಚಳಿಗಾಲ ಇಬ್ಬರೇ ಹೋಗಿದ್ದ ಜಿಂಕೆ ಬೇಟೆಯಲ್ಲಿ ಗುಂಡು ತಗುಲಿ ಸತ್ತಿದ್ದ. ಅಂದಿನಿಂದ ಅವಳಿಗೆ ಸೌದೆ ಒಡೆದುಕೊಡುವವನು, ಚರ್ಚಿನಲ್ಲಿ ಅವಳ ಪಕ್ಕ ಕೂರುವವನು ಹಾರ್ಲನ್. ಈಗ ಅವಳೇ ಫೋನ್ ಮಾಡಿ ಬಂದಿದ್ದಳು. ಕರಡಿ ಕಾಟ, ಒಂಟಿ ಹೆಂಗಸು, ಒಂದು ರೈಫಲ್ ಬೇಕು. ಅವನು ಗಡ್ಡ ಬೋಳಿಸಿ, ಹೊಸ ಅಂಗಿ ತೊಟ್ಟು ಕಾದಿದ್ದ.

"ಈ ರಿವೆಟ್ ನೋಡು, ಸೊಟ್ಟ. ಗುರಿ ನೋಡೋ ಮೊನೆ? ಕುಡಿದವನ ಥರ ವಾಲಿದೆ. ನಮ್ಮವರಿಗೆ ಬಾವುಟ ಅಂಟಿಸೋದು ಗೊತ್ತು, ಬಂದೂಕು ಮಾಡೋದು ಗೊತ್ತಿಲ್ಲ."

ಗೋಡೆಯಿಂದ ಇನ್ನೊಂದನ್ನು ಇಳಿಸಿದ. "ಇದು ಸರ್ಬಿಯಾದ್ದು. ದಪ್ಪ ಉಕ್ಕು. ಎಲ್ಲಾದ್ರೂ ಸಂದು ಕಾಣುತ್ತಾ ಹೇಳು."

"ನನಗೆ ಎರಡೂ ಒಂದೇ ಥರ ಕಾಣುತ್ತಪ್ಪ. ನನ್ನ ಕೈ ಬೇರೆ ಜಾರುತ್ತೆ. ಕೆಳಗೆ ಬಿದ್ರೆ ಗುಂಡು ತಾನಾಗೇ ಹಾರಿಬಿಡುತ್ತೇನೋ ಅಂತ ಭಯ."

"ಆ ಡಬ್ಬದಲ್ಲಿ ಹಾರಬಹುದು. ಇದರಲ್ಲಾ?" ಹಾರ್ಲನ್ ನಕ್ಕ. ಒಳಗೆ ಗುಂಡಿಲ್ಲವೆಂದು ನೋಡಿಕೊಂಡು ಬೋಲ್ಟ್ ಎಳೆದು ಗುಂಡು ಹಾರಿಸಲು ಸಜ್ಜು ಮಾಡಿದ. ಹಿಡಿಯನ್ನು ನೆಲಕ್ಕೆ ಧಡ್ ಎಂದು ಕುಟ್ಟಿದ. ಮತ್ತೆ ಕುಟ್ಟಿದ. ರೈಫಲ್ ಕ್ಲಿಕ್ ಎನ್ನಲಿಲ್ಲ.

"ಮಾಳಿಗೆಯಿಂದ ಎಸಿ. ಮೇಲೆ ಟ್ರಕ್ ಹತ್ತಿಸು. ಬೆರಳು ಒತ್ತದೆ ಇದು ಹಾರಲ್ಲ. ಹಾರಿತು ಅಂದವನು ಸುಳ್ಳ, ಇಲ್ಲಾ ಮುಠ್ಠಾಳ."

"ಬಳಸಿ ಬಳಸಿ ಹಳೇದಾದ್ರೆ?"

"ನಾನು ಮಾರೋ ಒಂದೊಂದನ್ನೂ ಬಿಚ್ಚಿ ನೋಡಿಯೇ ಕೊಡೋದು. ಒಂದೇ ಒಂದು ಹಾಗೆ ಹಾರಿದ್ರೆ ಅಂಗಡಿ ಮುಚ್ತೀನಿ. ಅಲ್ವೇನೋ ಆರ್ವಿಲ್?"

ಆರ್ವಿಲ್‌ನ ಕಾಫಿ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

ಲೊರೀನ್ ಸರ್ಬಿಯಾದ ರೈಫಲನ್ನು ಹಾರ್ಲನ್‌ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮೇಜಿನ ಮೇಲಿಟ್ಟಳು.

"ಡಾಯ್ಲ್‌ಗೂ ನೀನು ಇಂಥದ್ದನ್ನೇ ಮಾರಿದ್ದೆ, ಹಾರ್ಲನ್. ಮರಕ್ಕೆ ಒರಗಿಸಿದ್ದು ಜಾರಿ ಬಿದ್ದು ತಾನಾಗೇ ಹಾರಿತು ಅಂತ ಶೆರಿಫ್ ಮುಂದೆ ಆಣೆ ಮಾಡಿ ಹೇಳಿದವನೂ ನೀನೇ."