ಗಂಡನ ಪಾಲಿನ ಊಟ

ನುಂಗಲಾಗದ ರೋಗಿಯ ಪಾಲನ್ನು ಮನೆಯವರು ಉಂಡು, ಇಬ್ಬರ ಮುಂಗೈಗೂ ಕಟ್ಟಿದ ಪಟ್ಟಿಗಳ ಮೂಲಕ ಅದರ ಸತ್ವವನ್ನು ಅವನ ಮೈಗೆ ದಾಟಿಸುವುದು ಹುಬ್ಬಳ್ಳಿಯ ಆ ಪುನಶ್ಚೇತನ ಕೇಂದ್ರದಲ್ಲಿ ಎಂದಿನ ರೂಢಿ. ಲಕ್ವ ಹೊಡೆದ ಮಡಿವಾಳಪ್ಪನಿಗಾಗಿ ಹೆಂಡತಿ ನಿಂಬೆವ್ವ ಮೂರು ತಿಂಗಳಿಂದ ಉಣ್ಣುತ್ತಿದ್ದಳು. ಆದರೂ ಅವನು ಸೊರಗುತ್ತಲೇ ಇದ್ದ.

ಆಹಾರತಜ್ಞೆ ಜಬೀನಾ ಪಟ್ಟಿಗಳನ್ನು ಪರೀಕ್ಷಿಸಿದಳು. ದೋಷವಿರಲಿಲ್ಲ.

“ಅವ್ವಾ, ಹೊಟ್ಟಿತುಂಬ ಉಣ್ಣಾಕತ್ತೀರೇನು?”

“ಹೊತ್ತಿಗೆ ನಾಕು ರೊಟ್ಟಿ ತಿಂತೀನ್ರಿ, ಅಕ್ಕಾರ.”

ಕೊನೆಗೆ ಜಬೀನಾ ನಿಂಬೆವ್ವನ ರಕ್ತವನ್ನೇ ನೋಡಿದಳು. ಗಂಡನಿಗಿಂತ ಅವಳೇ ಹೆಚ್ಚು ಬರಿದಾಗಿದ್ದಳು. ಅವನ ಮಂಚದ ಪಕ್ಕದಲ್ಲೇ ನಿಂತು ನಿಂಬೆವ್ವ ದನಿ ತಗ್ಗಿಸಿದಳು.

“ಹೊಟ್ಟ್ಯಾಗ ಗಡ್ಡಿ ಐತ್ರಿ. ಉಂಡದ್ದು ಮೈಗೆ ಹತ್ತಂಗಿಲ್ಲ. ಇವ್ರಿಗೆ ಹೇಳಬ್ಯಾಡ್ರಿ. ನಾ ಪಟ್ಟಿ ಬಿಚ್ಚಿದ್ರ ಇವ್ರ ಪಾಲು ಯಾರು ಉಣ್ಣಬೇಕು?”

ಮಡಿವಾಳಪ್ಪನ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಅವನು ಬಿದ್ದುಹೋಗಿದ್ದ ಬಲಗೈಯನ್ನು ಕಷ್ಟಪಟ್ಟು ಎತ್ತಿ, ಎಡ ಮುಂಗೈಯ ಪಟ್ಟಿಯನ್ನು ತಡಕಾಡಿ ಬಿಚ್ಚಿದ.

“ಕೈ ಬಂತ್ರೀ! ನಿಮ್ಮ ಕೈ ಬಂತು!” ಎಂದು ನಿಂಬೆವ್ವ ಅಳುತ್ತಲೇ ನಕ್ಕಳು. ಪಟ್ಟಿಯನ್ನು ಮತ್ತೆ ಕಟ್ಟಲು ಹೋದಳು.

ಅವನು ಕಟ್ಟಗೊಡಲಿಲ್ಲ.