ಬ್ಯಾಡ್ಜ್ ಹೇಳಿದ್ದು

“ಓದಮ್ಮ, ಜೋರಾಗಿ ಓದು. ನಿನ್ನ ಸಾಧನೆ ನಾಲ್ಕು ಜನಕ್ಕೆ ಗೊತ್ತಾಗಲಿ,” ಎಂದು ಡಾಕ್ಟರು ಪತ್ರವನ್ನು ಮೇಜಿನ ಮೇಲೆ ಎಸೆದರು.

ಅಲ್ಲಿ ನಾಲ್ಕು ಜನ ಇರಲಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಮಾಲೀಕರಾದ ಡಾಕ್ಟರು, ಎದುರಿಗೆ ಕೈಕಟ್ಟಿ ನಿಂತ ಎಕ್ಸ್‌ರೇ ಟೆಕ್ನಿಷಿಯನ್ ಹೆಂಗಸು, ಅಷ್ಟೇ. ಆದರೆ ಬೈಯುವಾಗ ಡಾಕ್ಟರಿಗೆ ಸಭೆಯೊಂದು ಇದೆಯೆಂಬ ಭಾವನೆ ಬೇಕು.

ಪತ್ರ ವಿಕಿರಣ ಅಳೆಯುವ ಪ್ರಯೋಗಾಲಯದ್ದು. ಎಕ್ಸ್‌ರೇ ಕೆಲಸದವರಿಗೆ ಒಂದೊಂದು ಬ್ಯಾಡ್ಜ್ ಇರುತ್ತದೆ. ಸೀಸದ ಏಪ್ರನ್ನಿನ ಒಳಗೆ ಹಾಕಿಕೊಳ್ಳುವುದರಿಂದ ಹೊರಗೆ ಕಾಣುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಳಿಸಿದರೆ, ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಲ್ಯಾಬಿನವರು ತಿಳಿಸುತ್ತಾರೆ. ಇವಳ ಹೆಸರಿನ ಬ್ಯಾಡ್ಜ್ ಇಡೀ ವರ್ಷದ ಮಿತಿಯನ್ನು ಮೂರೇ ತಿಂಗಳಲ್ಲಿ ದಾಟಿತ್ತು. ವಿವರಣೆ ಕೊಡಿ ಎಂದಿದ್ದರು.

ಡಾಕ್ಟರಿಗೆ ಇದೆಲ್ಲ ಯಾವಾಗಲೂ ತಮಾಷೆ. ಏಪ್ರನ್ ಹರಿದಿದೆ ಎಂದರೆ ದರ್ಜಿಯ ವಿಳಾಸ ಕೊಡುತ್ತಿದ್ದರು. ಹೋದ ವರ್ಷ ತಮ್ಮ ಕೋಣೆಯನ್ನು ನಾಲ್ಕು ಅಡಿ ಹಿಗ್ಗಿಸಿ, ಕುರ್ಚಿಯ ಹಿಂದೆ ಮಿರಮಿರ ಮಿಂಚುವ ಮರದ ಗೋಡೆ ನಿಲ್ಲಿಸಿದಾಗ ಇವಳು ಏನೋ ಹೇಳಲು ಬಂದಿದ್ದಳು. “ಡಾಕ್ಟರು ನಾನೋ ನೀನೋ?” ಎಂದು ಕೇಳಿ ಸಾಗಹಾಕಿದ್ದರು.

ಆ ಗೋಡೆಯ ಮೇಲೆ ಸುರಕ್ಷತಾ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಕೂತಿತ್ತು. ಯಾಕೋ ಗೋಡೆಗೆ ಒರಗದೆ ತುಸು ಮುಂದಕ್ಕೆ ವಾಲಿತ್ತು. ಅದರ ಧೂಳನ್ನು ಟೆಕ್ನಿಷಿಯನ್ನೇ ಒರೆಸುತ್ತಿದ್ದಳು. ಡಾಕ್ಟರು ಅದನ್ನು ಗೌರವ ಎಂದುಕೊಂಡಿದ್ದರು.

“ಉಸಿರು ಬಿಗಿ ಹಿಡೀರಿ,” ಎಂದು ರೋಗಿಗೆ ಹೇಳುವ ಸಹಾಯಕನ ದನಿ ಮರದಾಚೆಯಿಂದ ಬಂತು. ಡಾಕ್ಟರಿಗೆ ಆ ದನಿ ಇಷ್ಟ. ಕೂತಲ್ಲೇ ಕೆಲಸಗಾರರ ಮೇಲೆ ನಿಗಾ ಇಡಬಹುದಲ್ಲ.

“ಬ್ಯಾಡ್ಜ್ ಎಲ್ಲಿ ಇಟ್ಕೊಂಡಿದ್ದೆ?”

“ಎಲ್ಲಿರಬೇಕೋ ಅಲ್ಲೇ ಇತ್ತು ಸಾರ್. ಬೆಳಿಗ್ಗೆಯಿಂದ ಸಂಜೆವರೆಗೂ. ಎದೆ ಎಕ್ಸ್‌ರೇನೇ ದಿನಕ್ಕೆ ನೂರಾಗುತ್ತೆ.”

“ಹಾಗಾದ್ರೆ ತಪ್ಪು ಮೆಷೀನಿಂದಾ?”

“ಮೆಷೀನಿಂದಲ್ಲ ಸಾರ್.”

ಒಪ್ಪಿಕೊಂಡಳಲ್ಲ, ಪೆದ್ದಿ! ಡಾಕ್ಟರು ಖುಷಿಯಿಂದ ಕಂಪ್ಯೂಟರಿನ ಕಡೆ ತಿರುಗಿ, ಗಟ್ಟಿಯಾಗಿ ಓದುತ್ತಲೇ ಟೈಪ್ ಮಾಡಿದರು: “ಬ್ಯಾಡ್ಜ್ ಧರಿಸಿದ್ದ ವ್ಯಕ್ತಿಯ ಬೇಜವಾಬ್ದಾರಿಯೇ ಇದಕ್ಕೆ ಕಾರಣ…”

“‘ಧರಿಸಿದ್ದ’ ಬೇಡ ಸಾರ್. ‘ಬ್ಯಾಡ್ಜ್ ಪಕ್ಕದಲ್ಲಿದ್ದ’ ಅಂತ ಹಾಕಿ. ಸುಳ್ಳು ಬರೆಯೋದು ಬೇಡ.”

“ಓಹೋ, ಹಾಕ್ಕೊಳ್ಳೋಕೂ ಸೋಮಾರಿತನ!” ಡಾಕ್ಟರು ಪದ ಬದಲಿಸಿದರು. ಆ ವ್ಯಕ್ತಿಯನ್ನು ಇಂದೇ ಇಲ್ಲಿಂದ ದೂರ ಇಡಲಾಗುವುದು, ಸಂಸ್ಥೆಯ ತಪ್ಪು ಏನೇನೂ ಇಲ್ಲ ಎಂದು ಸೇರಿಸಿದರು. ಸಹಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿಯೇಬಿಟ್ಟರು. ಆ ಪತ್ರದ ನಂತರ ಇವಳಿಗೆ ಯಾವ ಆಸ್ಪತ್ರೆಯಲ್ಲೂ ಕೆಲಸ ಸಿಗದು. ಅದು ಅವಳಿಗೂ ಗೊತ್ತಿತ್ತು.

“ಮೊದಲು ರಕ್ತ ಪರೀಕ್ಷೆ ಆಗಲಿ,” ಎಂದು ಡಾಕ್ಟರು ಉದಾರರಾದರು. “ಇಷ್ಟು ಡೋಸ್ ಹುಡುಗಾಟ ಅಲ್ಲ. ಹೆಂಡತಿ ಮಕ್ಕಳಿರೋ ಗಂಡಸೇ ಆಗಿದ್ರೂ ನಡುಗಿ ಹೋಗ್ತಿದ್ದ.”

“ಹೌದು ಸಾರ್. ತಡ ಮಾಡಬಾರದು.”

“ಹೊಸ ಬ್ಯಾಡ್ಜ್ ಇದೆಯಲ್ಲ, ಅದನ್ನ ವಾಪಸ್ ಕೊಟ್ಟು ಹೊರಡು.”

ಅವಳು ಏಪ್ರನ್ನಿಗೆ ಕೈ ಹಾಕಲಿಲ್ಲ. ಮೇಜು ಸುತ್ತಿ ಬಂದು, ಡಾಕ್ಟರ ಕುರ್ಚಿಯ ಹಿಂದೆ ನಿಂತು, ಪ್ರಮಾಣಪತ್ರವನ್ನು ಎರಡೂ ಕೈಯಿಂದ ಕೆಳಗಿಳಿಸಿದಳು. ಅದರ ಹಿಂದೆ, ಅದೇ ಮೊಳೆಯಲ್ಲಿ, ಬ್ಯಾಡ್ಜ್ ತೂಗುತ್ತಿತ್ತು.

“ಹಳೇದೂ ಮೂರು ತಿಂಗಳು ಇಲ್ಲೇ ಇತ್ತು ಸಾರ್. ಎದೆ ಎಕ್ಸ್‌ರೇಗೆ ಜನ ನಿಲ್ಲೋದು ಈ ಮರದ ಆಚೆಗೇ. ಕೋಣೆ ದೊಡ್ಡದು ಮಾಡೋಕೆ ನೀವು ಒಡೆಸಿದ್ದು ವಿಕಿರಣ ತಡೆಯೋ ಸೀಸದ ಗೋಡೆನ.”

“ಉಸಿರು ಬಿಗಿ ಹಿಡೀರಿ,” ಎಂದಿತು ಮರದಾಚೆಯ ದನಿ. ಡಾಕ್ಟರು ಹಿಡಿದರು.